ಫಾರ್ಮುಲಾ ಬರುತ್ತದೆ, ಲೆಕ್ಕ ಬರುವುದಿಲ್ಲ: ಸಿಇಟಿ ಕೆಮಿಸ್ಟ್ರಿಗೆ ಅಭ್ಯಾಸ ಹೇಗೆ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಕೆಮಿಸ್ಟ್ರಿ ಪಾಠ ಓದಿದರೆ ಅರ್ಥವಾಗುತ್ತದೆ, ಆದರೆ ಲೆಕ್ಕ ಬಂದರೆ ಕೈ ಓಡುವುದಿಲ್ಲ. ಫಾರ್ಮುಲಾ ಎಲ್ಲ ಬಾಯಿಪಾಠ ಇವೆ, ಆದರೂ ಉತ್ತರ ತಪ್ಪುತ್ತದೆ. ಮಾದರಿ ಸಿಇಟಿಯಲ್ಲಿ ಕೆಮಿಸ್ಟ್ರಿಗೆ 60ಕ್ಕೆ 24 ಬಂತು. ಕೋಚಿಂಗ್‌ಗೆ ಹೋಗುವ ಅನುಕೂಲ ನಮ್ಮ ಮನೆಯಲ್ಲಿ ಇಲ್ಲ. ಪರೀಕ್ಷೆಗೆ ಮೂರು ತಿಂಗಳಿದೆ. ದಿನಕ್ಕೆ ಎಷ್ಟು ಲೆಕ್ಕ ಬಿಡಿಸಬೇಕು? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿನ್ನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಫಾರ್ಮುಲಾ ಬಾಯಿಪಾಠ ಇದ್ದೂ ಉತ್ತರ ತಪ್ಪುತ್ತಿದೆ ಅಂದರೆ ತೊಂದರೆ ಫಾರ್ಮುಲಾದಲ್ಲಿ ಇಲ್ಲ, ಅಲ್ವಾ? ಪಿಯು ಮಕ್ಕಳಿಗೆ ಪಾಠ ಮಾಡುತ್ತಾ ರಾಶಿ ರಾಶಿ ರಫ್ ಹಾಳೆಗಳನ್ನು ನೋಡಿದ್ದೇನೆ. ಫಾರ್ಮುಲಾನೇ ತಪ್ಪಾಗಿ ಬರೆದಿದ್ದು ಕಡಿಮೆ. ಮಿಲಿಲೀಟರನ್ನು ಲೀಟರ್ ಮಾಡದೆ ಬಿಟ್ಟಿದ್ದು, ಸೆಲ್ಸಿಯಸ್ಸಿಗೆ 273 ಕೂಡಿಸದೆ ಹೊರಟಿದ್ದು, ಸಮೀಕರಣ ಬ್ಯಾಲೆನ್ಸ್ ಮಾಡದೆ ಮುಂದೆ ಹೋಗಿದ್ದು, ಪ್ರಶ್ನೆಯ ಒಂದು ಇಂಗ್ಲಿಷ್ ಪದವನ್ನು ತಪ್ಪು ತಿಳಿದಿದ್ದು, ಇವೇ ಜಾಸ್ತಿ. ಇವೆಲ್ಲ ತಲೆಯ ತಪ್ಪಲ್ಲ, ಕೈಯ ತಪ್ಪು. ಕೈಗೆ ಅಭ್ಯಾಸ ಕೊಟ್ಟರೆ ಸರಿಹೋಗುತ್ತವೆ. ಮೂರು ತಿಂಗಳು ಅದಕ್ಕೆ ಸಾಕು.

ಮೊದಲು ಪರೀಕ್ಷೆಯ ಅಳತೆ ನೆನಪಿರಲಿ. ಸಿಇಟಿ ಕೆಮಿಸ್ಟ್ರಿಯಲ್ಲಿ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡ್. ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡೂ ವರ್ಷದ ಪಾಠ ಬರುತ್ತದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಬೋರ್ಡ್ ಪರೀಕ್ಷೆಯ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆದ್ದರಿಂದ ನಾನು ಹೇಳುವ ಅಭ್ಯಾಸ ಎರಡಕ್ಕೂ ಒಟ್ಟಿಗೆ ಆಗಬೇಕು. ಬೋರ್ಡ್ ಉತ್ತರ ಪತ್ರಿಕೆಯಲ್ಲಿ ಹಂತಹಂತಕ್ಕೂ ಅಂಕ ಇದೆ. ಹಂತ ಬರೆಯುವುದನ್ನು ಕಲಿತವರಿಗೆ ಅಲ್ಲೂ ಲಾಭ, ಇಲ್ಲೂ ಲಾಭ. ನೀನು ನೀಟ್ ಕೂಡ ಬರೆಯುವುದಾದರೆ ಅಲ್ಲಿ ಮಾತ್ರ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಸುಮ್ನೆ ಊಹೆ ಮಾಡುವ ಅಭ್ಯಾಸವನ್ನು ಅಲ್ಲಿಗೆ ತೆಗೆದುಕೊಂಡು ಹೋಗಬೇಡ.

ಎಲ್ಲಿಂದ ಶುರು ಮಾಡಬೇಕು? ಪ್ರಥಮ ಪಿಯುಸಿಯ ಮೊದಲ ಅಧ್ಯಾಯದಿಂದ. ದ್ವಿತೀಯ ಪಿಯುಸಿಯ ದ್ರಾವಣಗಳು, ವಿದ್ಯುತ್ ರಸಾಯನ ಯಾವುದನ್ನು ತೆಗೆದರೂ ಒಳಗೆ ಇರುವುದು ಮೋಲ್. ಮೋಲ್ ಗಟ್ಟಿ ಇಲ್ಲದೆ ಮುಂದೆ ಹೋದರೆ ಅಡಿಪಾಯ ಬಿಟ್ಟು ಗೋಡೆ ಕಟ್ಟಿದ ಹಾಗೆ. ಮೊದಲ ಹತ್ತು ದಿನ ಬೇರೆ ಏನನ್ನೂ ಮುಟ್ಟಬೇಡ.

ಅಕ್ಕಿಕಾಳನ್ನು ಯಾರೂ ಎಣಿಸಿ ಮಾರುವುದಿಲ್ಲ, ತೂಗಿ ಮಾರುತ್ತಾರೆ. ಪರಮಾಣುವೂ ಹಾಗೆ. ಎಣಿಸಲು ಆಗುವುದಿಲ್ಲ, ಆದ್ದರಿಂದ ತೂಗುತ್ತೇವೆ. ಆ ತೂಕಕ್ಕೂ ಎಣಿಕೆಗೂ ನಡುವಿನ ಸೇತುವೆಯೇ ಮೋಲ್. ಒಂದು ಮೋಲ್ ಅಂದರೆ 6.022 × 10²³ ಕಣಗಳು. ನಾನು ಮಕ್ಕಳಿಗೆ ಹೇಳುವುದು ಅರಸೀಕೆರೆ ಜಂಕ್ಷನ್ ಉದಾಹರಣೆ. ಹಾಸನದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ಅರಸೀಕೆರೆ ದಾಟಿಯೇ ಹೋಗಬೇಕು. ಹಾಗೇ ಗ್ರಾಂನಿಂದ ಅಣುಗಳ ಸಂಖ್ಯೆಗೆ, ಅನಿಲದ ಲೀಟರಿನಿಂದ ಗ್ರಾಂಗೆ, ಒಂದು ವಸ್ತುವಿನಿಂದ ಇನ್ನೊಂದು ವಸ್ತುವಿಗೆ ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಮೋಲ್ ದಾಟಿಯೇ ಹೋಗಬೇಕು. ಯಾವುದೇ ಲೆಕ್ಕ ಕಂಡ ತಕ್ಷಣ ನೀನು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಇದರಲ್ಲಿ ಕೊಟ್ಟಿದ್ದನ್ನು ಮೋಲ್ ಮಾಡುವುದು ಹೇಗೆ?

4.4 ಗ್ರಾಂ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎಷ್ಟು ಆಕ್ಸಿಜನ್ ಪರಮಾಣುಗಳಿವೆ? ಮೋಲಾರ್ ತೂಕ 44. ಹಾಗಾಗಿ 0.1 ಮೋಲ್. ಅಣುಗಳು 6.022 × 10²². ಇಲ್ಲಿಗೆ ನಿಲ್ಲಿಸಿ ಆ ಸಂಖ್ಯೆಯ ಆಯ್ಕೆಗೆ ಗುರುತು ಹಾಕುವವರು ತುಂಬಾ ಜನ. ಕೇಳಿದ್ದು ಅಣುಗಳನ್ನಲ್ಲ, ಆಕ್ಸಿಜನ್ ಪರಮಾಣುಗಳನ್ನು. ಒಂದು ಅಣುವಿನಲ್ಲಿ ಎರಡು. ಉತ್ತರ ಸುಮಾರು 1.2 × 10²³.

ಅನಿಲದ 22.4 ಲೀಟರ್ ಬಗ್ಗೆ ಒಂದು ಎಚ್ಚರಿಕೆ. ಅದು ಅನಿಲಗಳಿಗೆ ಮಾತ್ರ, ಅದೂ 0 ಡಿಗ್ರಿ ಸೆಲ್ಸಿಯಸ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ. ಒತ್ತಡ 1 ಬಾರ್ ಎಂದು ಕೊಟ್ಟಿದ್ದರೆ 22.7 ಲೀಟರ್. ಒಂದು ಮೋಲ್ ನೀರು ಅಂದರೆ 22.4 ಲೀಟರ್ ಅಲ್ಲ, ಬರೀ 18 ಮಿಲಿಲೀಟರ್. ನಾಲ್ಕು ಗುಟುಕು ಕೂಡ ಆಗುವುದಿಲ್ಲ.

ಈಗ ಎಲ್ಲರನ್ನೂ ಕಾಡುವ ಲಿಮಿಟಿಂಗ್ ರೀಏಜೆಂಟ್, ಅಂದರೆ ಕ್ರಿಯೆಯಲ್ಲಿ ಮೊದಲು ಮುಗಿದುಹೋಗುವ ವಸ್ತು. ಇದನ್ನು ಅರ್ಥ ಮಾಡಿಕೊಳ್ಳಲು ಹೋಟೆಲ್ ಅಡುಗೆಮನೆಗೆ ಬಾ. ಒಂದು ಪ್ಲೇಟಿಗೆ ಎರಡು ಇಡ್ಲಿ, ಒಂದು ವಡೆ. ಅಡುಗೆಮನೆಯಲ್ಲಿ 20 ಇಡ್ಲಿ, 7 ವಡೆ ಇವೆ. ಎಷ್ಟು ಪ್ಲೇಟ್ ಕೊಡಬಹುದು? ಇಡ್ಲಿ ಲೆಕ್ಕದಲ್ಲಿ 10, ವಡೆ ಲೆಕ್ಕದಲ್ಲಿ 7. ಹಾಗಾಗಿ 7 ಪ್ಲೇಟ್, 6 ಇಡ್ಲಿ ಉಳಿಯುತ್ತದೆ. ಇಡ್ಲಿಯ ಸಂಖ್ಯೆ ದೊಡ್ಡದು, ವಡೆಯದು ಚಿಕ್ಕದು ಅಂತ ನೋಡಿ ನಾವು ಹೇಳಲಿಲ್ಲ. ಪ್ಲೇಟಿಗೆ ಎಷ್ಟು ಬೇಕೋ ಅದರಿಂದ ಭಾಗಿಸಿ ನೋಡಿದೆವು. ಇಡೀ ವಿಷಯ ಇಷ್ಟೇ.

28 ಗ್ರಾಂ ನೈಟ್ರೋಜನ್ ಮತ್ತು 3 ಗ್ರಾಂ ಹೈಡ್ರೋಜನ್ ಸೇರಿದರೆ ಎಷ್ಟು ಅಮೋನಿಯಾ? ಸಮೀಕರಣ ಹೇಳುವುದು: ಒಂದು ನೈಟ್ರೋಜನ್‌ಗೆ ಮೂರು ಹೈಡ್ರೋಜನ್, ಬರುವುದು ಎರಡು ಅಮೋನಿಯಾ. ನಮ್ಮ ಹತ್ತಿರ ನೈಟ್ರೋಜನ್ 1 ಮೋಲ್, ಹೈಡ್ರೋಜನ್ 1.5 ಮೋಲ್. ಸಂಖ್ಯೆ ನೋಡಿದರೆ ಹೈಡ್ರೋಜನ್ ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಭಾಗಿಸಿ ನೋಡು. ನೈಟ್ರೋಜನ್ 1 ಭಾಗಿಸು 1, ಅಂದರೆ 1. ಹೈಡ್ರೋಜನ್ 1.5 ಭಾಗಿಸು 3, ಅಂದರೆ 0.5. ಮೊದಲು ಮುಗಿಯುವುದು ಹೈಡ್ರೋಜನ್. ಅಮೋನಿಯಾ 0.5ರ ಎರಡರಷ್ಟು, 1 ಮೋಲ್, 17 ಗ್ರಾಂ. ನೈಟ್ರೋಜನ್ ಅರ್ಧ ಮೋಲ್, ಅಂದರೆ 14 ಗ್ರಾಂ ಉಳಿಯಿತು. ಈಗ ತಾಳೆ ನೋಡು: ಹಾಕಿದ್ದು 28 ಮತ್ತು 3, ಒಟ್ಟು 31. ಸಿಕ್ಕಿದ್ದು 17 ಮತ್ತು 14, ಒಟ್ಟು 31. ಹೀಗೆ ತಾಳೆ ನೋಡಲು ಐದು ಸೆಕೆಂಡ್ ಸಾಕು. ಲೆಕ್ಕ ಸರಿ ಇದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನು ನಾನು ಅತಿ ಮುಖ್ಯ ಅಂದುಕೊಂಡಿರುವ ಮಾತು. ಪ್ರತಿ ಸಂಖ್ಯೆಯ ಪಕ್ಕ ಅದರ ಯೂನಿಟ್ ಬರೆ. ರಫ್ ಕೆಲಸದಲ್ಲೂ ಬರೆ. ಸಮಯ ಹಾಳು ಅಂತ ಅನ್ನಿಸುತ್ತದೆ, ನನಗೆ ಗೊತ್ತು. ಆದರೆ ಯೂನಿಟ್ ಬರೆದ ಕೈ ತಪ್ಪುವುದು ತುಂಬಾ ಅಪರೂಪ. ಬರೀ ಸಂಖ್ಯೆಗಳು ಒಂದರ ಪಕ್ಕ ಒಂದು ಕೂತರೆ ಅವು ಯಾರ ಮಕ್ಕಳು ಅಂತಲೇ ಗೊತ್ತಾಗುವುದಿಲ್ಲ.

ಒಂದು ಕ್ರಿಯೆಯ ಎಂಥಾಲ್ಪಿ ಬದಲಾವಣೆ 30 ಕಿಲೋಜೂಲ್, ಎಂಟ್ರೋಪಿ ಬದಲಾವಣೆ ಕೆಲ್ವಿನ್‌ಗೆ 100 ಜೂಲ್. ಎಷ್ಟು ತಾಪಮಾನದ ಮೇಲೆ ಕ್ರಿಯೆ ತಾನಾಗಿ ನಡೆಯುತ್ತದೆ? ಎಂಥಾಲ್ಪಿಯನ್ನು ಎಂಟ್ರೋಪಿಯಿಂದ ಭಾಗಿಸಿದರೆ ಆ ತಾಪಮಾನ ಸಿಗುತ್ತದೆ. 30 ಭಾಗಿಸು 100 ಮಾಡಿ 0.3 ಕೆಲ್ವಿನ್ ಅಂತ ಬರೆದವರನ್ನು ನೋಡಿದ್ದೇನೆ. 0.3 ಕೆಲ್ವಿನ್ ಅಂದರೆ ಮೈನಸ್ 272 ಡಿಗ್ರಿಗಿಂತ ಕೆಳಗೆ! 30 ಕಿಲೋಜೂಲನ್ನು 30,000 ಜೂಲ್ ಮಾಡಿದರೆ ಉತ್ತರ 300 ಕೆಲ್ವಿನ್, ಹೆಚ್ಚುಕಡಿಮೆ ನಮ್ಮ ಕೋಣೆಯ ತಾಪಮಾನ. ಪರೀಕ್ಷೆಯ ನಾಲ್ಕು ಆಯ್ಕೆಗಳಲ್ಲಿ 0.3 ಕೂಡ ಇರುತ್ತದೆ. ಪ್ರಶ್ನೆ ತಯಾರಿಸುವವರಿಗೆ ನಮ್ಮ ಕೈ ಎಲ್ಲಿ ಜಾರುತ್ತದೆ ಅಂತ ಚೆನ್ನಾಗಿ ಗೊತ್ತು. ತಪ್ಪು ದಾರಿ ಹಿಡಿದರೆ ಸಿಗುವ ಸಂಖ್ಯೆಗಳನ್ನೇ ಆಯ್ಕೆಗಳಾಗಿ ಇಡುತ್ತಾರೆ. ಅದಕ್ಕೇ ‘ನನ್ನ ಉತ್ತರ ಆಯ್ಕೆಗಳಲ್ಲಿ ಇದೆ, ಹಾಗಾದರೆ ಸರಿ’ ಅಂದುಕೊಳ್ಳಬೇಡ.

ಇದನ್ನು ನೋಡು. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ 2 ಆಂಪಿಯರ್ ವಿದ್ಯುತ್ತನ್ನು 16 ನಿಮಿಷ 5 ಸೆಕೆಂಡ್ ಹಾಯಿಸಿದರೆ ಎಷ್ಟು ತಾಮ್ರ ಕೂರುತ್ತದೆ? 16 ನಿಮಿಷ 5 ಸೆಕೆಂಡ್ ಅಂದರೆ 965 ಸೆಕೆಂಡ್. ಈ ವಿಚಿತ್ರ ಸಮಯ ಸುಮ್ನೆ ಕೊಟ್ಟಿದ್ದಲ್ಲ. ಫ್ಯಾರಡೆ 96,500 ಕೂಲಂಬ್, ಅದರ ನೂರನೇ ಒಂದು ಭಾಗ 965. ಸಂಖ್ಯೆ ನೋಡಿದ ಕೂಡಲೇ ಇದು ಹೊಳೆದರೆ ಅರ್ಧ ಕೆಲಸ ಮುಗಿಯಿತು. 2 ಆಂಪಿಯರ್ × 965 ಸೆಕೆಂಡ್ = 1930 ಕೂಲಂಬ್ = 0.02 ಫ್ಯಾರಡೆ. ಅಂದರೆ 0.02 ಮೋಲ್ ಎಲೆಕ್ಟ್ರಾನ್. ತಾಮ್ರದ ಅಯಾನಿನ ಮೇಲೆ +2 ಇದೆ, ಒಂದೊಂದು ಪರಮಾಣುವಿಗೂ ಎರಡು ಎಲೆಕ್ಟ್ರಾನ್ ಬೇಕು. ತಾಮ್ರ 0.01 ಮೋಲ್, 0.635 ಗ್ರಾಂ. ಆ ಎರಡನ್ನು ಮರೆತರೆ 1.27 ಬರುತ್ತದೆ, ಅದೂ ಆಯ್ಕೆಗಳಲ್ಲಿ ಕಾದು ಕೂತಿರುತ್ತದೆ. ಇದೇ ಲೆಕ್ಕವನ್ನು ಬೆಳ್ಳಿಗೆ ಮಾಡಿ ನೋಡು. ಬೆಳ್ಳಿಗೆ ಒಂದೇ ಎಲೆಕ್ಟ್ರಾನ್ ಸಾಕು, 2.16 ಗ್ರಾಂ ಬರಬೇಕು. ಹೀಗೆ ಒಂದು ಲೆಕ್ಕದಲ್ಲಿ ಒಂದೇ ಒಂದು ಸಂಗತಿ ಬದಲಿಸಿ ಮತ್ತೆ ಬಿಡಿಸುವುದು ಹತ್ತು ಹೊಸ ಲೆಕ್ಕಕ್ಕೆ ಸಮ.

ವೇಗಶಾಸ್ತ್ರದಲ್ಲಿ ಫಾರ್ಮುಲಾ ಹಿಡಿದು ಹೊರಟರೆ 80 ಸೆಕೆಂಡ್ ಸಾಲುವುದಿಲ್ಲ. ಮೊದಲ ದರ್ಜೆಯ ಕ್ರಿಯೆ 60 ನಿಮಿಷದಲ್ಲಿ 75 ಪರ್ಸೆಂಟ್ ಮುಗಿದರೆ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಮುಗಿಯಲು ಬೇಕಾದ ಸಮಯ, ಎಷ್ಟು? ಲಾಗ್ ಬೇಡ. 100 ಇದ್ದದ್ದು 50 ಆಯಿತು, 50 ಇದ್ದದ್ದು 25 ಆಯಿತು. ಎರಡು ಅರ್ಧಾಯುಷ್ಯಕ್ಕೆ 60 ನಿಮಿಷ, ಒಂದಕ್ಕೆ 30. ತ್ರೈರಾಶಿಕ ಹಾಕಿ ‘75ಕ್ಕೆ 60, ಹಾಗಾದರೆ 50ಕ್ಕೆ 40’ ಅಂದವರು ತಪ್ಪಿದರು. ಮೊದಲ ದರ್ಜೆಯ ಕ್ರಿಯೆ ಒಂದೇ ವೇಗದಲ್ಲಿ ಓಡುವುದಿಲ್ಲ, ವಸ್ತು ಕಡಿಮೆ ಆದ ಹಾಗೆ ನಿಧಾನವಾಗುತ್ತದೆ. 87.5 ಪರ್ಸೆಂಟ್ ಅಂದರೆ ಮೂರು ಅರ್ಧಾಯುಷ್ಯ, 99.9 ಪರ್ಸೆಂಟ್ ಅಂದರೆ ಸುಮಾರು ಹತ್ತು. ಇದು ಗೊತ್ತಿದ್ದರೆ ಎಷ್ಟೋ ಪ್ರಶ್ನೆಗಳು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತವೆ. ಉಳಿಸಿದ ಒಂದು ನಿಮಿಷವನ್ನು ಕಷ್ಟದ ಲೆಕ್ಕಕ್ಕೆ ಕೊಡಬಹುದು.

ನೀನು ಕನ್ನಡ ಮಾಧ್ಯಮದಿಂದ ಬಂದಿರುವುದರಿಂದ ಇದನ್ನು ಬಿಡಿಸಿ ಹೇಳಲೇಬೇಕು. ನಿನಗೆ ಕೆಮಿಸ್ಟ್ರಿ ಬರುತ್ತದೆ. ಆದರೆ ಪ್ರಶ್ನೆಯ ಇಂಗ್ಲಿಷ್ ಕೆಲವು ಕಡೆ ಕೈಕೊಡುತ್ತಿರಬಹುದು. 1 ಮೋಲಾರ್ (ಲೀಟರಿಗೆ 1 ಮೋಲ್) ದ್ರಾವಣದ 100 ಮಿಲಿಲೀಟರನ್ನು ‘ಡೈಲ್ಯೂಟೆಡ್ ಟು 500 ಎಂಎಲ್’ ಅಂದರೆ ನೀರು ಸೇರಿಸಿದ ಮೇಲೆ ಒಟ್ಟು 500. ಮೋಲಾರಿಟಿ 0.2. ‘ಡೈಲ್ಯೂಟೆಡ್ ಬೈ ಆಡಿಂಗ್ 500 ಎಂಎಲ್’ ಅಂದರೆ ಇದ್ದ ನೂರರ ಮೇಲೆ ಇನ್ನೂ 500, ಒಟ್ಟು 600. ಮೋಲಾರಿಟಿ 0.167. ‘ಟು’ ಮತ್ತು ‘ಬೈ’, ಎರಡು ಪುಟ್ಟ ಪದಗಳು. ಅಷ್ಟಕ್ಕೇ ಉತ್ತರ ಬೇರೆ. ‘75 ಪರ್ಸೆಂಟ್ ಕಂಪ್ಲೀಟೆಡ್’ ಅಂದರೆ ಮುಗಿದಿದ್ದು 75, ‘75 ಪರ್ಸೆಂಟ್ ರಿಮೇನ್ಸ್’ ಅಂದರೆ ಉಳಿದಿದ್ದು 75. ‘ಎಕ್ಸೆಸ್’ ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಇದೆ, ಅದರ ಚಿಂತೆ ಬಿಡು, ಇನ್ನೊಂದೇ ಲಿಮಿಟಿಂಗ್. ‘ಈಕ್ವಿಮೋಲಾರ್’ ಅಂದರೆ ಎರಡರ ಮೋಲಾರಿಟಿ ಒಂದೇ. ‘ಡೆಸಿಮೋಲಾರ್’ ಅಂದರೆ 0.1 ಮೋಲಾರ್. ‘ರೆಸ್ಪೆಕ್ಟಿವ್‌ಲಿ’ ಅಂದರೆ ಹೇಳಿದ ಕ್ರಮದಲ್ಲೇ ಕ್ರಮವಾಗಿ. ‘ಇನ್‌ಕರೆಕ್ಟ್’ ಅನ್ನುವ ಪದವನ್ನು ಓದುವ ಭರದಲ್ಲಿ ‘ಕರೆಕ್ಟ್’ ಅಂತ ಓದಿ ಅಂಕ ಕಳೆದುಕೊಂಡವರು ತರಗತಿಗೆ ಹತ್ತು ಜನ ಸಿಗುತ್ತಾರೆ. ನೋಟ್‌ಬುಕ್‌ನ ಕೊನೆಯ ಎರಡು ಪುಟ ಈ ಪದಗಳಿಗೇ ಇಡು. ಹೊಸ ಪದ ಸಿಕ್ಕಾಗ ಅರ್ಥವನ್ನು ಕನ್ನಡದಲ್ಲೇ ಬರೆ. ನಲವತ್ತು ಐವತ್ತು ಪದ ದಾಟುವುದಿಲ್ಲ. ಅಷ್ಟು ಪದಗಳು ಕೈಗೆ ಬಂದರೆ ಮುಗಿಯಿತು, ಇಂಗ್ಲಿಷ್ ಮಾಧ್ಯಮದವರಿಗೂ ನಿನಗೂ ಏನೂ ವ್ಯತ್ಯಾಸ ಉಳಿಯುವುದಿಲ್ಲ.

ದ್ರಾವಣಗಳ ಅಧ್ಯಾಯದಲ್ಲಿ ಮೋಲಾರಿಟಿ ಮತ್ತು ಮೋಲಾಲಿಟಿ ಹೆಸರು ಒಂದೇ ಥರ ಕೇಳಿಸುತ್ತವೆ. ಮೊದಲನೆಯದು ದ್ರಾವಣದ ಲೀಟರಿಗೆ ಎಷ್ಟು ಮೋಲ್, ಎರಡನೆಯದು ದ್ರಾವಕದ ಕಿಲೋಗ್ರಾಂಗೆ ಎಷ್ಟು ಮೋಲ್. 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ 250 ಮಿಲಿಲೀಟರ್ ದ್ರಾವಣದಲ್ಲಿದ್ದರೆ 0.1 ಮೋಲನ್ನು 0.25 ಲೀಟರಿನಿಂದ ಭಾಗಿಸು, 0.4 ಮೋಲಾರ್. ಯೂರಿಯಾ 6 ಗ್ರಾಂ, ನೀರು 500 ಗ್ರಾಂ ಅಂದರೆ 0.1 ಮೋಲ್ ಭಾಗಿಸು 0.5 ಕಿಲೋಗ್ರಾಂ, 0.2 ಮೋಲಾಲ್. ನೀರಿನ ಘನೀಕರಣ ಸ್ಥಿರಾಂಕ 1.86. ಹಾಗಾಗಿ ಘನೀಕರಣ ಬಿಂದು 0.372 ಡಿಗ್ರಿ ಇಳಿಯುತ್ತದೆ, ಮೈನಸ್ 0.372 ಆಗುತ್ತದೆ. ‘ಎಷ್ಟು ಇಳಿಯಿತು’ ಅಂತ ಕೇಳಿದರಾ, ‘ಘನೀಕರಣ ಬಿಂದು ಎಷ್ಟು’ ಅಂತ ಕೇಳಿದರಾ ಅನ್ನುವುದನ್ನು ಎರಡು ಸಲ ಓದು. ಯೂರಿಯಾ ಬದಲು ಅಷ್ಟೇ ಮೋಲ್ ಪೊಟ್ಯಾಸಿಯಂ ಸಲ್ಫೇಟ್ ಕೊಟ್ಟಿದ್ದರೆ ಅದು ಮೂರು ಅಯಾನುಗಳಾಗಿ ಒಡೆಯುತ್ತದೆ. ಪೂರ್ತಿ ಒಡೆದರೆ ವ್ಯಾಂಟ್ ಹಾಫ್ ಅಂಶ 3, ಉತ್ತರ ಮೂರು ಪಟ್ಟು. ಲವಣ ಕಂಡಾಗ ‘ಇದು ನೀರಿನಲ್ಲಿ ಎಷ್ಟು ತುಂಡಾಗುತ್ತದೆ’ ಅಂತ ಕೇಳಿಕೊಳ್ಳುವುದು ಅಭ್ಯಾಸವಾಗಬೇಕು.

ಪಿಎಚ್ ಲೆಕ್ಕಗಳಲ್ಲೂ ಅದೇ ಪ್ರಶ್ನೆ. 0.005 ಮೋಲಾರ್ ಬೇರಿಯಂ ಹೈಡ್ರಾಕ್ಸೈಡ್ ಎರಡು ಹೈಡ್ರಾಕ್ಸೈಡ್ ಅಯಾನು ಕೊಡುತ್ತದೆ, ಸಾಂದ್ರತೆ 0.01 ಆಗುತ್ತದೆ, ಪಿಒಎಚ್ 2, ಪಿಎಚ್ 12. ಮತ್ತೊಂದು ಹಳೆಯ ಬಲೆ: 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್. 8 ಅಂತ ಬರೆಯಬೇಡ. ಆಮ್ಲ ಹಾಕಿದ ನೀರು ಕ್ಷಾರ ಆಗಲು ಹೇಗೆ ಸಾಧ್ಯ? ನೀರಿನದೇ ಹೈಡ್ರೋಜನ್ ಅಯಾನುಗಳು ಅಲ್ಲಿ ಇದ್ದೇ ಇವೆ. ಪಿಎಚ್ 7ಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 6.98.

ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಗೆ ಕ್ಯಾಲ್ಕುಲೇಟರ್ ಹಿಡಿದು ಅಭ್ಯಾಸ ಮಾಡುವುದು ಈಜು ಕಲಿಯಲು ದಡದಲ್ಲಿ ಕೈ ಆಡಿಸಿದ ಹಾಗೆ. ಇವತ್ತಿನಿಂದಲೇ ಮೊಬೈಲ್ ಬೇರೆ ಕೋಣೆಯಲ್ಲಿ ಇಡು. ಕೆಲವು ಸಂಖ್ಯೆಗಳನ್ನು ಮಗ್ಗಿಯ ಹಾಗೆ ಕಲಿತುಬಿಡು. ಲಾಗ್ 2 ಅಂದರೆ 0.301, ಲಾಗ್ 3 ಅಂದರೆ 0.477, ಲಾಗ್ 7 ಅಂದರೆ 0.845. ಲಾಗ್ 5 ಬೇಕಾದರೆ 1ರಿಂದ 0.301 ಕಳೆ, 0.699. ಲಾಗ್ 4, ಲಾಗ್ 6 ಎರಡೂ ಇವುಗಳಿಂದಲೇ ಬರುತ್ತವೆ. ಅನಿಲ ಸ್ಥಿರಾಂಕ ಜೂಲ್‌ನಲ್ಲಿ 8.314, ಲೀಟರ್ ಅಟ್ಮಾಸ್ಫಿಯರ್‌ನಲ್ಲಿ 0.0821. ಶಕ್ತಿ ಕೇಳಿದರೆ ಮೊದಲನೆಯದು, ಒತ್ತಡ ಮತ್ತು ಲೀಟರ್ ಬಂದರೆ ಎರಡನೆಯದು. ಕೋಣೆಯ ತಾಪಮಾನ 300 ಕೆಲ್ವಿನ್‌ನಿಂದ ಗುಣಿಸಿದರೆ ಮೊದಲನೆಯದು ಸುಮಾರು 2500, ಎರಡನೆಯದು ಸುಮಾರು 24.6. ಸಾಮಾನ್ಯ ಮೂಲಧಾತುಗಳ ಪರಮಾಣು ತೂಕ ಮತ್ತು ನೀರು 18, ಯೂರಿಯಾ 60, ಗ್ಲೂಕೋಸ್ 180, ಸುಕ್ರೋಸ್ 342, ಕ್ಯಾಲ್ಸಿಯಂ ಕಾರ್ಬೊನೇಟ್ 100 ಇಂಥವು ಕೇಳಿದ ತಕ್ಷಣ ಬಾಯಿಗೆ ಬರಬೇಕು. ಜೋಡಿಯಾಗದ ಎಲೆಕ್ಟ್ರಾನ್ ಒಂದರಿಂದ ಐದರವರೆಗೆ ಕಾಂತೀಯ ಮೊಮೆಂಟ್ 1.73, 2.83, 3.87, 4.90, 5.92. ಇದನ್ನು ಪ್ರತಿಸಲ ವರ್ಗಮೂಲ ಹಾಕಿ ಕಂಡುಹಿಡಿಯುತ್ತಾ ಕೂರಬೇಡ.

ಸುಮಾರು ಲೆಕ್ಕ ಹಾಕುವುದನ್ನೂ ಕಲಿ. 18 ಗ್ರಾಂ ಗ್ಲೂಕೋಸ್ ಇರುವ ಒಂದು ಲೀಟರ್ ದ್ರಾವಣದ ಆಸ್ಮಾಟಿಕ್ ಒತ್ತಡ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು? 0.1 × 24.6, ಅಂದರೆ 2.46 ಅಟ್ಮಾಸ್ಫಿಯರ್. 273 ಕೂಡಿಸುವುದನ್ನು ಮರೆತವರಿಗೆ 0.22 ಬರುತ್ತದೆ. ಆಯ್ಕೆಗಳು ಇಷ್ಟು ದೂರ ಇದ್ದಾಗ ಮೂರನೇ ದಶಮಾಂಶದವರೆಗೆ ಗುಣಿಸಿ ಬೆವರು ಸುರಿಸುವುದು ಬೇಡ.

ಈಗ ದಿನಕ್ಕೆ ಎಷ್ಟು ಅನ್ನುವ ಪ್ರಶ್ನೆ. ಹತ್ತು, ಹೆಚ್ಚೆಂದರೆ ಹನ್ನೆರಡು. ಐವತ್ತು ಬೇಡ. ಐವತ್ತು ಲೆಕ್ಕ ಓಡಿಸಿ, ಉತ್ತರ ನೋಡಿ, ‘ಓ ಹೀಗಾ’ ಅಂದುಕೊಂಡು ಪುಟ ತಿರುಗಿಸಿದರೆ ಏನೂ ಉಳಿಯುವುದಿಲ್ಲ. ಬಿಡಿಸಿಟ್ಟ ಲೆಕ್ಕವನ್ನು ಓದುವುದು ಅಭ್ಯಾಸ ಅಲ್ಲ. ಓದುವಾಗ ಎಲ್ಲ ಸುಲಭ ಅನ್ನಿಸುತ್ತದೆ, ಖಾಲಿ ಹಾಳೆ ಎದುರಿಗೆ ಬಂದಾಗ ನಿಜ ಗೊತ್ತಾಗುತ್ತದೆ. ಉತ್ತರ ಮುಚ್ಚಿಟ್ಟು ಕನಿಷ್ಠ ಐದು ನಿಮಿಷ ಒದ್ದಾಡು. ಆಗಲಿಲ್ಲವಾ, ಮೊದಲ ಒಂದು ಸಾಲು ಮಾತ್ರ ನೋಡು, ಮತ್ತೆ ಮುಚ್ಚು. ಉಳಿದದ್ದನ್ನು ನೀನೇ ಮಾಡು.

ಪುಸ್ತಕ ಯಾವುದು ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ದಪ್ಪ ಗೈಡುಗಳಿಗೆ ಮನೆಯವರ ದುಡ್ಡು ಹಾಕಿಸಬೇಡ. ಪಿಯುಗೆ ಇರುವ ಎನ್‌ಸಿಇಆರ್‌ಟಿ ಪಠ್ಯಪುಸ್ತಕದಲ್ಲಿ ಬಿಡಿಸಿದ ಉದಾಹರಣೆಗಳಿವೆ, ಪಾಠದ ನಡುವೆ ಪ್ರಶ್ನೆಗಳಿವೆ, ಕೊನೆಯಲ್ಲಿ ಅಭ್ಯಾಸ ಇದೆ. ಮೊದಲು ಬಿಡಿಸಿದ ಉದಾಹರಣೆಗಳನ್ನೇ ಪ್ರಶ್ನೆಗಳ ಹಾಗೆ ಮಾಡು. ಅವು ಮುಗಿದ ಮೇಲೆ ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆಗಳು. ಇಲ್ಲಿ ಒಂದು ಎಚ್ಚರಿಕೆ. 2023-24ರಿಂದ ಪಠ್ಯ ಕಡಿಮೆಯಾಗಿದೆ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಮೆಟಲರ್ಜಿ, ಪಾಲಿಮರ್ ಅಧ್ಯಾಯಗಳು ಹೋಗಿವೆ. ಹಳೆಯ ಪತ್ರಿಕೆಗಳಲ್ಲಿ ಅವು ಇರುತ್ತವೆ. ಅಂಥ ಪ್ರಶ್ನೆ ಬಿಡಿಸಲು ಬರಲಿಲ್ಲ ಅಂತ ಕೊರಗಬೇಡ, ಗೆರೆ ಎಳೆದು ಮುಂದೆ ಹೋಗು. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯೇ ಆಯಿತು, ಕೊನೆಗೆ ಅವನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಈ ವರ್ಷಕ್ಕೆ ಕೊಟ್ಟಿರುವ ಪಠ್ಯಕ್ರಮವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೋ.

ತಪ್ಪುಗಳಿಗೆ ಒಂದು ಪ್ರತ್ಯೇಕ ನೋಟ್‌ಬುಕ್ ಮಾಡು. ಇಷ್ಟು ಉದ್ದದ ಉತ್ತರದಲ್ಲಿ ಒಂದೇ ಒಂದನ್ನು ಪಾಲಿಸುತ್ತೇನೆ ಅಂದರೆ ಇದನ್ನು ಪಾಲಿಸು. ತಪ್ಪಾದ ಪ್ರತಿ ಲೆಕ್ಕಕ್ಕೆ ದಿನಾಂಕ ಹಾಕಿ, ಏಕೆ ತಪ್ಪಿತು ಅಂತ ಒಂದೇ ಸಾಲು ಬರೆ. ‘ಅಜಾಗರೂಕತೆ’ ಅಂತ ಬರೆಯಬೇಡ, ಅದರಿಂದ ಏನೂ ತಿಳಿಯುವುದಿಲ್ಲ. ‘ನಿಮಿಷವನ್ನು ಸೆಕೆಂಡ್ ಮಾಡಲಿಲ್ಲ’, ‘ಅಣುವನ್ನು ಪರಮಾಣು ಅಂದುಕೊಂಡೆ’, ‘ಬ್ಯಾಲೆನ್ಸ್ ಮಾಡಲಿಲ್ಲ’ ಹೀಗೆ ಬರೆ. ಮೂರು ದಿನ ಬಿಟ್ಟು ಆ ಲೆಕ್ಕವನ್ನು ಮತ್ತೆ ಖಾಲಿ ಹಾಳೆಯಲ್ಲಿ ಮಾಡು. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಎರಡು ವಾರ ಆಗುವಷ್ಟರಲ್ಲಿ ನಿನ್ನ ತಪ್ಪುಗಳು ನಾಲ್ಕೈದು ಬಗೆಯವು ಮಾತ್ರ ಅಂತ ನಿನಗೇ ಕಾಣುತ್ತದೆ. ಬೇರೆಯವರ ನಾಲ್ಕೈದು ಬೇರೆ, ನಿನ್ನ ನಾಲ್ಕೈದು ಬೇರೆ. ಯಾವ ಕೋಚಿಂಗ್ ಸೆಂಟರೂ ಇನ್ನೂರು ಜನರ ನಡುವೆ ಕೂರಿಸಿ ನಿನಗೆ ಇದನ್ನು ತೋರಿಸಿಕೊಡಲಾರದು.

ಅಧ್ಯಾಯಗಳ ಕ್ರಮ: ಮೋಲ್ ಆದ ಮೇಲೆ ದ್ರಾವಣಗಳು, ವಿದ್ಯುತ್ ರಸಾಯನ, ವೇಗಶಾಸ್ತ್ರ. ಇವು ಮೂರೂ ಬೋರ್ಡ್ ಪರೀಕ್ಷೆಗೂ ಬೇಕು. ಆಮೇಲೆ ಪ್ರಥಮ ಪಿಯುಸಿಯ ಸಮತೋಲನ, ಉಷ್ಣಬಲ ವಿಜ್ಞಾನ, ಪರಮಾಣು ರಚನೆ. ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಗಡಿಯಾರ ನೋಡಬೇಡ, ಸರಿಯಾಗಿ ಬಿಡಿಸುವುದನ್ನು ಮಾತ್ರ ನೋಡು. ಕೊನೆಯ ತಿಂಗಳಲ್ಲಿ ವಾರಕ್ಕೆ ಎರಡು ಸಲ 60 ಪ್ರಶ್ನೆ, 80 ನಿಮಿಷ ಕೂತು ಬರೆ. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ಉತ್ತರ ಹೊಳೆಯುವವು, ಎರಡನೇ ಸುತ್ತಿನಲ್ಲಿ ಲೆಕ್ಕಗಳು. ಎರಡು ನಿಮಿಷ ದಾಟಿದ ಲೆಕ್ಕವನ್ನು ಬಿಟ್ಟು ಏಳು, ಕೊನೆಗೆ ಸಮಯ ಇದ್ದರೆ ಮತ್ತೆ ಬಾ. ಓಎಂಆರ್ ಹಾಳೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗುವಾಗ ಸಾಲು ತಪ್ಪದಂತೆ ನೋಡಿಕೋ. ಅದಕ್ಕೂ ಮನೆಯಲ್ಲೇ ಅಭ್ಯಾಸ ಬೇಕು.

ಇವತ್ತು ರಾತ್ರಿ ಮಾಡಲು ಒಂದು ಲೆಕ್ಕ. 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 200 ಮಿಲಿಲೀಟರ್ ಹಾಕಿದೆ. ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಮುಂದೆ ಓದುವ ಮೊದಲು ಬಿಡಿಸು.

ಸರಿಯಾದ ಉತ್ತರ 2.2 ಗ್ರಾಂ. ಕಾರ್ಬೊನೇಟ್ 0.1 ಮೋಲ್, ಆಮ್ಲ 0.5 × 0.2 ಲೀಟರ್, ಅದೂ 0.1 ಮೋಲ್. ಆದರೆ ಒಂದು ಕಾರ್ಬೊನೇಟಿಗೆ ಎರಡು ಆಮ್ಲ ಬೇಕು. ಆಮ್ಲ ಮೊದಲು ಮುಗಿಯುತ್ತದೆ, ಅನಿಲ 0.05 ಮೋಲ್, 5 ಗ್ರಾಂ ಕಾರ್ಬೊನೇಟ್ ಹಾಗೇ ಉಳಿಯುತ್ತದೆ.

ನಿನಗೆ 4.4 ಬಂತಾ? ಆಮ್ಲವನ್ನು ನೋಡದೆ ಬರೀ ಕಾರ್ಬೊನೇಟಿನಿಂದ ಲೆಕ್ಕ ಹಾಕಿದರೆ 4.4 ಬರುತ್ತದೆ. ಸಮೀಕರಣ ಬ್ಯಾಲೆನ್ಸ್ ಮಾಡದೆ ಒಂದಕ್ಕೊಂದು ಅಂದುಕೊಂಡರೂ 4.4 ಬರುತ್ತದೆ. 200 ಮಿಲಿಲೀಟರನ್ನು ಲೀಟರ್ ಮಾಡದೆ 100 ಮೋಲ್ ಆಮ್ಲ ಅಂತ ಬರೆದುಕೊಂಡರೂ ಅದೇ 4.4. ಮೂರು ತಪ್ಪಿಗೆ ಒಂದೇ ಉತ್ತರ. ಅದರಲ್ಲಿ ನಿನ್ನದು ಯಾವುದು ಅನ್ನುವುದು ನಿನ್ನ ರಫ್ ಹಾಳೆಯಲ್ಲಿದೆ. ಅದನ್ನು ಹುಡುಕಿ, ತಪ್ಪಿನ ನೋಟ್‌ಬುಕ್‌ನ ಮೊದಲ ಸಾಲಾಗಿ ಬರೆ.